ಒಂದೂವರೆ ಇಂಚಿನ ಟೈರು

ಜಲ್ಲಿ ಹಾಗೂ ಮಣ್ಣುದಾರಿಗಳಿಗೆಂದೇ ತಯಾರಾದ 'ಗ್ರಾವೆಲ್ ಬೈಕು'ಗಳು ಈಗ ನಗರಗಳ ಅಂಗಡಿಗಳಲ್ಲಿ ಹೊಸ ಶೋಧವೆಂಬಂತೆ ಮಾರಾಟವಾಗುತ್ತಿವೆ. ಅವುಗಳ ಟೈರಿನ ಅಗಲ ಸಾಮಾನ್ಯವಾಗಿ 40 ಮಿಲಿಮೀಟರಿನ ಆಸುಪಾಸು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಿರಿಯರು ಇದನ್ನು ಕೇಳಿ ನಕ್ಕರೆ ಆಶ್ಚರ್ಯವಿಲ್ಲ. ನಮ್ಮ ಕಪ್ಪು ಸೈಕಲ್ಲುಗಳ ಟೈರಿನ ಮೇಲೆ '28 × 1½' ಎಂದು ಅಚ್ಚಾಗಿರುತ್ತಿತ್ತು. ಒಂದೂವರೆ ಇಂಚೆಂದರೆ 38 ಮಿಲಿಮೀಟರ್!

ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರುಗಾಲಿ ಸೈಕಲ್ಲಿಗೆ ಗಾಳಿ ತುಂಬಿದ ಟೈರನ್ನು ರೂಪಿಸಿ 1888ರಲ್ಲಿ ಪೇಟೆಂಟ್ ಪಡೆದನು. (ಸ್ಕಾಟ್ಲೆಂಡಿನ ಥಾಮ್ಸನ್ 1845ರಲ್ಲಿಯೇ ಪಡೆದಿದ್ದನು, ಪಾಠ ಹೇಳುವಾಗ ಅವನನ್ನು ಯಾರೂ ನೆನೆಯುವುದಿಲ್ಲ.) ಉಬ್ಬುತಗ್ಗಿನ ರಸ್ತೆಗಳನ್ನು ತಾಳಿಕೊಳ್ಳುವ ಇಂಗ್ಲಿಷ್ 'ರೋಡ್‌ಸ್ಟರ್' ಮಾದರಿಯು ಭಾರತಕ್ಕೆ ಬಂದು ಇಲ್ಲಿಯೇ ನೆಲೆಸಿತು. 1949ರಲ್ಲಿ ಮದ್ರಾಸಿನಲ್ಲಿ ಸ್ಥಾಪಿತವಾದ ಟಿ.ಐ. ಸೈಕಲ್ಸ್ ಸಂಸ್ಥೆಯ ಹರ್ಕ್ಯುಲಿಸ್ ಸಹ ಅದೇ ಕುಲದ್ದು.

ಘಟ್ಟದ ಮೇಲಿನ ನಮ್ಮ ದಾರಿಗಳು ಜಂಬಿಟ್ಟಿಗೆ ಮಣ್ಣಿನವು. ಬೇಸಿಗೆಯಲ್ಲಿ ಉರುಟು ಹರಳುಗಳು ಚಕ್ರದಡಿ ಗೋಲಿಗಳಂತೆ ಉರುಳುತ್ತವೆ. ಸಪೂರ ಟೈರು ಅಲ್ಲಿ ಜಾರುತ್ತದೆ. ಅಗಲವಾದದ್ದು, ಗಾಳಿ ತುಸು ಕಡಿಮೆಯಿದ್ದರೆ, ಹರಳನ್ನು ತನ್ನೊಳಗೆ ಅಡಗಿಸಿಕೊಂಡು ಸಾಗುತ್ತದೆ. ಗಾಳಿ ತೀರ ಇಳಿದರೆ ಮಾತ್ರ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಒಡೆಯುತ್ತದೆ. ಕ್ಯಾರಿಯರಿನ ಮೇಲೆ ಅಡಿಕೆ ಮೂಟೆ ಹೇರುವವರು ಹಿಂದಿನ ಗಾಲಿಗೆ ಹೆಚ್ಚು ಗಾಳಿ ಹೊಡೆಸುತ್ತಿದ್ದುದು ಇದಕ್ಕಾಗಿಯೇ. ಮಳೆಗಾಲದ ಕಥೆ ಬೇರೆ: ಅಂಟುಮಣ್ಣು ಟೈರಿನ ದೊಡ್ಡ ಹಲ್ಲುಗಳ ಸಂದಿಯಲ್ಲಿ ತುಂಬಿ, ಮಡ್‌ಗಾರ್ಡಿಗೆ ಮೆತ್ತಿ, ಗಾಲಿಯನ್ನೇ ಹಿಡಿದುಬಿಡುತ್ತದೆ. ಆಗ ಆಳವಿಲ್ಲದ ಗೀರುಗಳ ಹಳೆಯ ಟೈರೇ ಮೇಲು.

ಕಾಡುದಾರಿಯಲ್ಲಿ ಟೈರು ಹರಿದರೆ ವಿದ್ಯಾರ್ಥಿಗೆ ಅಂದಿನ ಶಾಲೆ ತಪ್ಪಿದಂತೆಯೇ. ಹರಿದಲ್ಲಿ ಒಳಗಿನಿಂದ ಹಳೆಯ ಟೈರಿನ ತುಂಡೊಂದನ್ನು ಕೂರಿಸಿ ಮತ್ತೊಂದು ಮಳೆಗಾಲ ಓಡಿಸುತ್ತಿದ್ದರು. ಈಗ ಕೊಳ್ಳುವವರು ಅಗಲವನ್ನಷ್ಟೇ ಅಲ್ಲ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಒಂದು ಬೆರಳು ತೂರುವಷ್ಟು ಜಾಗವಿದೆಯೇ ಎಂಬುದನ್ನೂ ಅಂಗಡಿಯಲ್ಲಿಯೇ ನೋಡಿಕೊಳ್ಳಲಿ.