ಎಲೆಯಿಲ್ಲದ ಹೂವಿಗೆ ಅನ್ಯರ ಬೇರೇ ಆಸರೆ

ತಡಸ: ಹುಬ್ಬಳ್ಳಿ-ಹಾವೇರಿ ಹೆದ್ದಾರಿಯಲ್ಲಿರುವ, ಶಿಗ್ಗಾವಿ ತಾಲ್ಲೂಕಿನ ಈ ಊರಿನಿಂದ ಪಶ್ಚಿಮಕ್ಕೆ ಮುಂಡಗೋಡದ ದಾರಿ ಹಿಡಿದರೆ ಹೊಲಗಳು ಹಿಂದೆ ಸರಿದು ಕಾಡು ಎದುರಾಗುತ್ತದೆ. ಪರಾವಲಂಬಿ ಸಸ್ಯದ ಕುರಿತಾದ ಅಭಿಪ್ರಾಯವೂ ಇಂಥ ಅಂಚಿನಲ್ಲೇ ಬದಲಾಗುತ್ತದೆ. ಬಯಲಿನ ಜೋಳದ ಬೇರಿಗೆ ಅಂಟಿ ಬೆಳೆಯನ್ನು ಸೊರಗಿಸುವ ಸ್ಟ್ರೈಗಾ ರೈತನ ಪಾಲಿಗೆ ಶತ್ರು. ಅದೇ ಓರೊಬ್ಯಾಂಕೇಸಿ ಕುಟುಂಬದ ಕ್ರಿಸ್ಟಿಸೋನಿಯಾ ಘಟ್ಟದ ಕಾಡಿನಲ್ಲಿ ಕಂಡರೆ ಸಸ್ಯವಿಜ್ಞಾನಿಗೆ ಅದೊಂದು ಭಾಗ್ಯ.

ಕ್ರಿಸ್ಟಿಸೋನಿಯಾಕ್ಕೆ ಹಸಿರೆಲೆಗಳಿಲ್ಲ. ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳುವ ಶಕ್ತಿಯನ್ನು ಅದು ಕಳೆದುಕೊಂಡಿದೆ. ವರ್ಷದ ಬಹುಭಾಗ ನೆಲದೊಳಗೇ ಅಡಗಿದ್ದು, ಮಳೆಗಾಲದ ಸುಮಾರಿಗೆ ಕೆಲವು ವಾರ ಮಾತ್ರ ಕೊಳವೆಯಾಕಾರದ ಹೂಗಳನ್ನು ಮಣ್ಣಿನ ಮೇಲೆ ಚಾಚುತ್ತದೆ. ಅದು ಹೆಚ್ಚಾಗಿ ನೆಚ್ಚಿಕೊಂಡಿರುವುದು ಗುರ್ಗಿ ಅಥವಾ ಕುರಿಂಜಿ ಜಾತಿಯ ಪೊದೆಗಳ ಬೇರುಗಳನ್ನು. ಎಡಿನ್‌ಬರೋದ ವೈದ್ಯ ಪ್ರಾಧ್ಯಾಪಕ ರಾಬರ್ಟ್ ಕ್ರಿಸ್ಟಿಸನ್ ಅವರ ಹೆಸರನ್ನು ಈ ಕುಲಕ್ಕೆ ಇಡಲಾಗಿದೆ.

ಇದರ ಹತ್ತಿರದ ಬಂಧು ಏಜಿನೇಷಿಯಾ ಇಂಡಿಕಾ. ಹುಲ್ಲಿನ ಬೇರುಗಳನ್ನು ಆಶ್ರಯಿಸುವ ಈ ನಸುನೇರಳೆ ಹೂ ಭಾರತದಿಂದ ಜಪಾನಿನವರೆಗೆ ಹರಡಿದೆ. ಬಾಗಿದ ಅದರ ಹೂವಿನಲ್ಲಿ ಜಪಾನೀಯರು ಪರದೇಶಿಗಳ ಹೊಗೆಸೊಪ್ಪಿನ ಚಿಲುಮೆಯನ್ನು ಕಂಡು ಅದೇ ಹೆಸರಿಟ್ಟಿದ್ದಾರೆ. ನೋಡಿದವರು ಈ ಹೋಲಿಕೆಯನ್ನು ಒಪ್ಪದಿರಲಾರರು.

ಇಂಥ ಸಸ್ಯಗಳ ಸಂರಕ್ಷಣೆಯ ಕಷ್ಟವೆಲ್ಲ ಬೀಜದಲ್ಲಿಯೇ ಇದೆ. ಧೂಳಿನಂತಹ ಬೀಜದಲ್ಲಿ ಮೊಳಕೆಗೆ ಬೇಕಾದ ಆಹಾರದ ಸಂಗ್ರಹ ತೀರಾ ಅಲ್ಪ. ಆಶ್ರಯ ನೀಡುವ ಗಿಡದ ಬೇರು ಸಮೀಪದಲ್ಲಿದೆ ಎಂಬ ಸೂಚನೆ ಸಿಗದೆ ಮೊಳೆತರೆ ಸಾವು ಖಚಿತ. ಸ್ಟ್ರೈಗಾ ಬೀಜವನ್ನು ಎಬ್ಬಿಸುವ ಸ್ಟ್ರೈಗಾಲ್ ಎಂಬ ರಾಸಾಯನಿಕವನ್ನು 1966ರಲ್ಲಿ ವಿಜ್ಞಾನಿಗಳು ಹತ್ತಿಯ ಬೇರಿನ ಸ್ರಾವದಲ್ಲಿ ಗುರುತಿಸಿದರು. ಗಿಡಗಳು ಈ ಬಗೆಯ ಸ್ರಾವವನ್ನು ಸುರಿಸುವುದು ವಾಸ್ತವವಾಗಿ ತಮಗೆ ನೆರವಾಗುವ ಮಣ್ಣಿನ ಶಿಲೀಂಧ್ರಗಳನ್ನು ಕರೆಯಲು ಎಂಬುದು 2005ರಲ್ಲಿ ತಿಳಿಯಿತು. ಗೆಳೆಯನಿಗೆ ಕಳುಹಿಸಿದ ಕರೆಯನ್ನು ಪರಾವಲಂಬಿ ಕದ್ದು ಕೇಳುತ್ತದೆ ಎನ್ನಬಹುದು.

ಆದ್ದರಿಂದ ಇವನ್ನು ಕಿತ್ತು ತಂದು ಕುಂಡದಲ್ಲಿ ನೆಟ್ಟರೆ ಬದುಕುವುದಿಲ್ಲ. ಬೀಜವನ್ನು ಸಂಗ್ರಹಾಗಾರದಲ್ಲಿಟ್ಟ ಮಾತ್ರಕ್ಕೂ ಕೆಲಸ ಮುಗಿಯದು. ಈ ಪಾಠ ಕರ್ನಾಟಕಕ್ಕೆ ಹೊಸದೇನಲ್ಲ. ನಮ್ಮ ಶ್ರೀಗಂಧವೇ ಅರೆ ಪರಾವಲಂಬಿ. ಎಲೆ ಹಸಿರಾಗಿದ್ದರೂ ಅದರ ಬೇರು ನೆರೆಯ ಗಿಡದಿಂದ ನೀರು, ಲವಣಗಳನ್ನು ಹೀರುತ್ತದೆ. ಸಸ್ಯಕ್ಷೇತ್ರಗಳಲ್ಲಿ ಗಂಧದ ಸಸಿಯ ಜೊತೆ ತೊಗರಿಯನ್ನೂ ಬೆಳೆಸುವುದು ಇದಕ್ಕಾಗಿಯೇ. ಕ್ರಿಸ್ಟಿಸೋನಿಯಾಕ್ಕೆ ಬೇಕಾದುದು ತೊಗರಿಯಲ್ಲ, ಇಡೀ ಕುರಿಂಜಿ ಪೊದೆ ಮತ್ತು ಅದಕ್ಕೆ ನೆರಳಾದ ಕಾಡು.

ಈ ದಿಸೆಯಲ್ಲಿ ಹೊರದೇಶಗಳ ಅನುಭವ ನಿರಾಶೆ ಹುಟ್ಟಿಸುವುದಿಲ್ಲ. ನ್ಯೂಜಿಲೆಂಡಿನಲ್ಲಿ ಮರದ ಬೇರಿನ ಮೇಲೆ ಬದುಕುವ ಡ್ಯಾಕ್ಟಿಲಾಂಥಸ್‌ನ ಹೂಗಳನ್ನು ಪಾಸಮ್ ಪ್ರಾಣಿಗಳು ತಿಂದುಹಾಕುತ್ತಿದ್ದುದರಿಂದ, ಹೂಗಳಿಗೆ ತಂತಿಬಲೆಯ ಪಂಜರ ಹೊದಿಸಲಾಯಿತು. ಅದರ ಪರಾಗಸ್ಪರ್ಶ ಮಾಡುವುದು ನೆಲದ ಮೇಲೆ ಓಡಾಡುವ ಬಾವಲಿ. ಅಮೆರಿಕದ ಗೋಲ್ಡನ್ ಪೇಂಟ್‌ಬ್ರಷ್ ಎಂಬ ಅರೆ ಪರಾವಲಂಬಿ ಹೂವು 1997ರಲ್ಲಿ ಅಲ್ಲಿನ ಅಪಾಯದ ಪಟ್ಟಿಗೆ ಸೇರಿತ್ತು. ಹುಲ್ಲುಗಾವಲುಗಳನ್ನು ಪುನಃ ರೂಪಿಸಿ ಬೀಜ ಬಿತ್ತಿದ ಫಲವಾಗಿ 2023ರಲ್ಲಿ ಅದು ಪಟ್ಟಿಯಿಂದ ಹೊರಬಂದಿತು.

ನಮ್ಮಲ್ಲಿ 2012ರಲ್ಲಿ ವಿಶ್ವ ಪರಂಪರೆಯ ಮಾನ್ಯತೆ ಪಡೆದ ಪಶ್ಚಿಮ ಘಟ್ಟದ 39 ತಾಣಗಳ ಪೈಕಿ 10 ಕರ್ನಾಟಕದಲ್ಲಿವೆ. ಆದರೆ ಹುಲಿಯ ಗಣತಿಯಂತೆ ಮಳೆಯಿಲ್ಲದ ದಿನಗಳಲ್ಲಿ ನಡೆದು ಮುಗಿಯುವ ಸಮೀಕ್ಷೆಗೆ ಮಳೆಯಲ್ಲಿ ಅರಳುವ ಹೂವು ಸಿಗಲಾರದು. ಜಿಗಣೆಗಳ ನಡುವೆ ನೆಲ ನೋಡುತ್ತ ನಡೆಯುವವರು ಬೇಕು. ಕಂಡವರು ಬೇರು ನೋಡುವ ಕುತೂಹಲಕ್ಕೆ ಅಗೆಯದೆ, ಪಕ್ಕದ ಗಿಡ ಯಾವುದೆಂದು ಚಿತ್ರ ಸಮೇತ ದಾಖಲಿಸಿದರೆ ಅದೇ ದೊಡ್ಡ ಉಪಕಾರ.

ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಸಂರಕ್ಷಿತ ಸಸ್ಯಗಳ ಪಟ್ಟಿಗೆ ನೀಲಕುರಿಂಜಿಯನ್ನೂ ಸೇರಿಸಲಾಗಿದೆ. ಆದರೆ ಆ ಹೆಸರು ಒಂದೇ ಪ್ರಭೇದಕ್ಕೆ ಸಲ್ಲುತ್ತದೆ. ಘಟ್ಟದ ಉಳಿದ ಕುರಿಂಜಿಗಳು, ಅವುಗಳ ಬೇರಿಗೆ ಅಂಟಿಕೊಂಡ ಹೂವು ಆ ಪಟ್ಟಿಯ ಹೊರಗೇ ಇವೆ.