ಹಬ್ಶಿ ಕೋಟ್ ಗುಡ್ಡದ ಚಿತ್ರ ಬರೆಯುವವರು ಯಾರು?



ಐನಾಪುರದಲ್ಲಿ ಓದುತ್ತಿದ್ದಾಗ ನಮ್ಮನ್ನು ಶಾಲೆಯಿಂದ ಬೀದರಿಗೆ ಪ್ರವಾಸ ಕರೆದುಕೊಂಡು ಹೋಗಿದ್ದರು. ಕೋಟೆ, ಮಹಮೂದ್ ಗವಾನನ ಮದರಸಾ, ಅಷ್ಟೂರಿನ ಗುಮ್ಮಟಗಳು ಎಲ್ಲವನ್ನೂ ನೋಡಿದೆವು. ಊರಿನ ಪೂರ್ವಕ್ಕಿದ್ದ ಗುಡ್ಡವೊಂದನ್ನು ತೋರಿಸಿ ಹಿರಿಯರೊಬ್ಬರು, ‘ಅದು ಹಬ್ಶಿ ಕೋಟ್’ ಎಂದರು. ‘ಹಬ್ಶಿ ಅಂದ್ರ ಯಾರ್ರಿ?’ ಎಂದು ಗೆಳೆಯನೊಬ್ಬ ಕೇಳಿದ. ‘ಕರ್ರಗ ಇದ್ದ ಮಂದಿ’ ಎಂದಷ್ಟೇ ಉತ್ತರ ಬಂತು. ನಾವೆಲ್ಲ ನಕ್ಕೆವು. ಬಸ್ಸು ಹೊರಟಿತು.

ಆ ನಗುವಿನ ಬಗ್ಗೆ ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಆದರೆ ನಾವು ಓದಿದ ಪುಸ್ತಕಗಳಲ್ಲಿ ಒಬ್ಬ ಹಬ್ಶಿಯ ಚಿತ್ರವೂ ಇರಲಿಲ್ಲ. ಕಣ್ಣಿಗೆ ಕಾಣದವರ ಬಗ್ಗೆ ಮಕ್ಕಳಿಗೆ ಗೌರವ ಹುಟ್ಟುವುದಾದರೂ ಹೇಗೆ? ಈ ಪ್ರಶ್ನೆಯನ್ನು ಇಂದು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಮೊದಲು ಹಬ್ಶಿ ಎಂದರೆ ಯಾರು ಎಂಬುದನ್ನು ತಿಳಿಯೋಣ. ಇಥಿಯೋಪಿಯ ದೇಶಕ್ಕೆ ಅರಬ್ಬರು ‘ಹಬಶ್’ ಎನ್ನುತ್ತಿದ್ದರು. ಅಲ್ಲಿಂದ ಬಂದವರು ಹಬ್ಶಿಗಳು. ಆಮೇಲೆ ಪೂರ್ವ ಆಫ್ರಿಕದಿಂದ ಬಂದವರಿಗೆಲ್ಲ ಆ ಹೆಸರು ಬಳಕೆಗೆ ಬಂತು. 1347ರಲ್ಲಿ ಆರಂಭವಾದ ಬಹಮನಿ ರಾಜ್ಯದಲ್ಲಿ ಅವರು ಸೈನಿಕರಾಗಿ, ಅರಮನೆಯ ಕಾವಲುಗಾರರಾಗಿ, ಅಧಿಕಾರಿಗಳಾಗಿ ಇದ್ದರು. ಹೆಚ್ಚಿನವರು ಗುಲಾಮರಾಗಿ ಮಾರಾಟವಾಗಿ ಬಂದವರು. ಆದರೆ ದಖ್ಖನಿನಲ್ಲಿ ಗುಲಾಮನೊಬ್ಬ ಸೇನಾಪತಿಯಾಗುವ ದಾರಿ ಇತ್ತು. ಬೀದರಿನ ಆ ಗುಡ್ಡದ ಮೇಲಿರುವುದು ಇಂಥವರ ಗೋರಿಗಳು.

ಅವರಲ್ಲಿ ಎಲ್ಲರಿಗಿಂತ ಪ್ರಸಿದ್ಧನಾದವನು ಮಲಿಕ್ ಅಂಬರ್. ಸುಮಾರು 1548ರಲ್ಲಿ ಇಥಿಯೋಪಿಯದಲ್ಲಿ ಹುಟ್ಟಿದ ಈ ಹುಡುಗ ಹಲವು ಕೈಗಳಿಗೆ ಮಾರಾಟವಾಗಿ ಕೊನೆಗೆ ಅಹಮದ್‌ನಗರಕ್ಕೆ ಬಂದ. ಅವನನ್ನು ಕೊಂಡ ಮಂತ್ರಿ ಚಂಗೇಜ್ ಖಾನನೂ ಹಬ್ಶಿಯೇ. ಒಡೆಯನು ತೀರಿಕೊಂಡ ಮೇಲೆ ಅಂಬರ್ ಸ್ವತಂತ್ರನಾದ. ಕೆಲವು ಕಾಲ ವಿಜಯಪುರದ ಸೇವೆಯಲ್ಲೂ ಇದ್ದ. 1600ರಲ್ಲಿ ಅಹಮದ್‌ನಗರವು ಮೊಗಲರ ವಶವಾದಾಗ ಸೇನೆ ಕೂಡಿಸಿ, ನಿಜಾಮಶಾಹಿ ವಂಶದವನೊಬ್ಬನನ್ನು ಪಟ್ಟಕ್ಕೆ ಕೂರಿಸಿ, ಕಾಲು ಶತಮಾನ ಆಡಳಿತ ನಡೆಸಿದ. 1610ರಲ್ಲಿ ಅವನು ಕಟ್ಟಿದ ಖಡ್ಕಿ ಪಟ್ಟಣವೇ ಮುಂದೆ ಔರಂಗಾಬಾದ್ ಎನಿಸಿತು. ಆ ಊರಿಗೆ ನೆಲದೊಳಗಿನ ಕಾಲುವೆಗಳಿಂದ ನೀರು ತಂದವನೂ ಅವನೇ. 1624ರ ಭಾತವಡಿ ಯುದ್ಧದಲ್ಲಿ ಮೊಗಲ್ ಮತ್ತು ವಿಜಯಪುರದ ಕೂಡು ಸೇನೆಯನ್ನು ಸೋಲಿಸಿದ. ಶಿವಾಜಿಯ ತಂದೆ ಶಹಾಜಿ ಅಂದು ಅಂಬರನ ಕಡೆಯಲ್ಲಿದ್ದ.

ಈಗ ಒಂದು ಚಿತ್ರವನ್ನು ನೋಡೋಣ. ಮೊಗಲ್ ಚಿತ್ರಕಾರ ಅಬುಲ್ ಹಸನ್ ಸುಮಾರು 1616ರಲ್ಲಿ ಬರೆದದ್ದು. ಇಂದು ಐರ್ಲೆಂಡಿನ ಡಬ್ಲಿನ್ ನಗರದಲ್ಲಿದೆ. ಅದರಲ್ಲಿ ಬಾದಶಹ ಜಹಾಂಗೀರ್ ಭೂಗೋಳದ ಮೇಲೆ ನಿಂತು, ಈಟಿಗೆ ಸಿಕ್ಕಿಸಿದ ಮಲಿಕ್ ಅಂಬರನ ತಲೆಗೆ ಬಾಣ ಬಿಡುತ್ತಿದ್ದಾನೆ. ಇದು ನಡೆದ ಸಂಗತಿಯಲ್ಲ. ಅಂಬರ್ 1626ರವರೆಗೆ ಬದುಕಿ, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ಸಹಜವಾಗಿ ತೀರಿಕೊಂಡ. ಯುದ್ಧದಲ್ಲಿ ಆಗದ್ದನ್ನು ಬಾದಶಹ ಚಿತ್ರದಲ್ಲಿ ಮಾಡಿಸಿದ! ಇದಕ್ಕೆ ಎದುರಾಗಿ ವಿಜಯಪುರದ ಚಿತ್ರವೊಂದಿದೆ. ಅದರಲ್ಲಿ ಗೋಳಗುಮ್ಮಟದ ಒಡೆಯ ಮಹಮ್ಮದ್ ಆದಿಲ್ ಶಹ ಆನೆಯ ಮೇಲೆ ಕುಳಿತಿದ್ದಾನೆ. ಅದೇ ಆನೆಯ ಮೇಲೆ ಅವನ ಹಿಂದೆ ಕುಳಿತವನು ಹಬ್ಶಿ ಮಂತ್ರಿ ಇಖ್ಲಾಸ್ ಖಾನ್. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಚಿತ್ರ ಬರೆಸಿದವರು ಯಾರು ಎಂಬುದರ ಮೇಲೆ ಚರಿತ್ರೆಯ ಮುಖವೇ ಬದಲಾಗುತ್ತದೆ.

ಈ ಸತ್ಯವನ್ನು ಅಮೆರಿಕದ ಕಪ್ಪುಜನರು ಚೆನ್ನಾಗಿ ಅರಿತಿದ್ದರು. ಡು ಬಾಯ್ಸ್ ಎಂಬ ವಿದ್ವಾಂಸರು ಮತ್ತು ಲೇಖಕಿ ಜೆಸ್ಸಿ ಫಾಸೆಟ್ ಮೊದಲಾದವರು 1920ರ ಜನವರಿಯಲ್ಲಿ ‘ಬ್ರೌನೀಸ್ ಬುಕ್’ ಎಂಬ ಸಚಿತ್ರ ಮಾಸಪತ್ರಿಕೆಯನ್ನು ತಮ್ಮ ಮಕ್ಕಳಿಗಾಗಿ ಆರಂಭಿಸಿದರು. ಅದು 24 ಸಂಚಿಕೆಗಳಿಗೆ ನಿಂತುಹೋಯಿತು. ಅನಂತರವೂ ಪರಿಸ್ಥಿತಿ ಹೆಚ್ಚು ಸುಧಾರಿಸಲಿಲ್ಲ. 1962ರಿಂದ 1964ರವರೆಗೆ ಅಲ್ಲಿ ಪ್ರಕಟವಾದ 5,206 ಮಕ್ಕಳ ಪುಸ್ತಕಗಳನ್ನು ನ್ಯಾನ್ಸಿ ಲ್ಯಾರಿಕ್ ಎಂಬ ಶಿಕ್ಷಣ ತಜ್ಞೆ ಪರಿಶೀಲಿಸಿದರು. ಒಬ್ಬನಾದರೂ ಕಪ್ಪು ವ್ಯಕ್ತಿ ಕಾಣಿಸಿಕೊಂಡದ್ದು ನೂರಕ್ಕೆ ಏಳಕ್ಕಿಂತ ಕಡಿಮೆ ಪುಸ್ತಕಗಳಲ್ಲಿ!

ಮುಂದೆ ಒಳ್ಳೆಯ ಪುಸ್ತಕಗಳು ಬಂದವು. ಅವುಗಳಲ್ಲಿ ಒಂದು ನಮಗೆ ಬಹಳ ಹತ್ತಿರದ್ದು. 1991ರಲ್ಲಿ ಫೇತ್ ರಿಂಗ್‌ಗೋಲ್ಡ್ ಎಂಬ ಕಲಾವಿದೆ ‘ಟಾರ್ ಬೀಚ್’ ಎಂಬ ಪುಸ್ತಕ ಬರೆದರು. ಅದು ಹುಟ್ಟಿದ್ದು ಅವರೇ ಹೊಲಿದ ಒಂದು ಕೌದಿಯಿಂದ. ಕ್ಯಾಸಿ ಎಂಬ ಎಂಟು ವರ್ಷದ ಹುಡುಗಿ ನ್ಯೂಯಾರ್ಕಿನಲ್ಲಿ ತಾರಸಿಯ ಮೇಲೆ ಮಲಗಿ, ತಾನು ನಗರದ ಮೇಲೆ ಹಾರುವಂತೆ ಕಲ್ಪಿಸಿಕೊಳ್ಳುತ್ತಾಳೆ. ಅವಳ ತಂದೆ ಕಟ್ಟಿದ ಸೇತುವೆ ಕೆಳಗಿದೆ. ಆದರೆ ಕೆಲಸಗಾರರ ಸಂಘದಲ್ಲಿ ಆ ತಂದೆಗೆ ಸ್ಥಾನವಿಲ್ಲ. ರಿಂಗ್‌ಗೋಲ್ಡ್ ಅವರ ಪೂರ್ವಜೆಯೊಬ್ಬರು ಗುಲಾಮಗಿರಿಯ ಕಾಲದಲ್ಲಿ ಒಡೆಯರಿಗೆ ಕೌದಿ ಹೊಲಿದುಕೊಟ್ಟವರು.

ಕೌದಿ ಎಂದರೆ ನಿಮಗೆ ಹೇಳಿಕೊಡಬೇಕಾಗಿಲ್ಲ. ನಮ್ಮ ಕಡೆ ಮನೆಮನೆಯಲ್ಲೂ ಅಜ್ಜಿ ಹೊಲಿದ ಕೌದಿ ಇರುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಇದನ್ನು ‘ಕವಂದಿ’ ಎನ್ನುತ್ತಾರೆ. ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಆರಂಭಿಸಿ ನಡುವಿನವರೆಗೆ ಹೊಲಿಯುತ್ತಾರೆ. ಮೂಲೆಗಳಿಗೆ ಮಡಿಸಿದ ಬಟ್ಟೆಯ ‘ಹೂವು’ ಇಡದೆ ಕೆಲಸ ಮುಗಿಯಿತು ಎನ್ನುವುದಿಲ್ಲ. ಸಿದ್ದಿಯರ ಪೂರ್ವಜರಲ್ಲಿ ಬಹಳ ಮಂದಿಯನ್ನು ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡಿನಲ್ಲಿ ನೆಲೆಸಿದರು. ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ನಮ್ಮ ವಿಧಾನ ಪರಿಷತ್ತಿನ ಸದಸ್ಯರಾದರು. ಇಷ್ಟಾದರೂ ಪೇಟೆಯಲ್ಲಿ ಸಿದ್ದಿ ಹುಡುಗನನ್ನು ಕಂಡು, ‘ಯಾವ ದೇಶ?’ ಎಂದು ಕೇಳುವವರಿದ್ದಾರೆ. ತನ್ನ ನೆಲದಲ್ಲೇ ಪರಕೀಯನಾಗುವ ನೋವನ್ನು ಸ್ವಲ್ಪ ಊಹಿಸಿಕೊಳ್ಳಿ.

ನಾನೂ ಒಂದು ತಪ್ಪು ಮಾಡಿದ್ದೇನೆ. ಆ ಭಾಗದ ಶಾಲೆಯೊಂದರಲ್ಲಿ ಮಕ್ಕಳ ಹಾಡನ್ನು ಚಿತ್ರೀಕರಿಸಿದೆವು. ಬಂದು ನೋಡಿದರೆ ಬಿಳಿ ಸಮವಸ್ತ್ರಗಳು ಚೆನ್ನಾಗಿ ಕಾಣುತ್ತಿವೆ, ಮುಖಗಳೇ ಇಲ್ಲ! ಬೆಳಕು ಕಡಿಮೆಯಾಗಿರಲಿಲ್ಲ. ನಾವು ಬಿಳಿ ಅಂಗಿಯನ್ನು ನೋಡಿ ಕ್ಯಾಮೆರಾದ ಕಿಂಡಿಯನ್ನು ಕಿರಿದು ಮಾಡಿದ್ದೆವು. ಕಪ್ಪು ಮೈ ಕಡಿಮೆ ಬೆಳಕನ್ನು ಪ್ರತಿಫಲಿಸುತ್ತದೆ. ಅದಕ್ಕೆ ತಕ್ಕಂತೆ ಕಿಂಡಿ ತೆರೆಯಬೇಕು. ವಿಜ್ಞಾನ ಓದಿದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಮತ್ತೆ ಹೋಗಿ, ಮಕ್ಕಳ ಮುಖಕ್ಕೆ ಅಳತೆ ಹೊಂದಿಸಿ ಚಿತ್ರೀಕರಿಸಿದೆವು. ಪರದೆಯಲ್ಲಿ ತನ್ನನ್ನು ಕಂಡ ಒಬ್ಬ ಹುಡುಗಿ, ‘ಇದು ನಾನೇ!’ ಎಂದು ಕೂಗಿದಳು. ಒಳ್ಳೆಯ ಚಿತ್ರಪುಸ್ತಕ ಮಾಡಬೇಕಾದ ಕೆಲಸವೂ ಇಷ್ಟೇ.

ವಿದ್ಯಾರ್ಥಿಗಳೇ, ಈ ಕೆಲಸವನ್ನು ನೀವೂ ಮಾಡಬಹುದು. ಹದಿನಾರು ಪುಟಗಳ ಒಂದು ನೋಟುಪುಸ್ತಕ, ಬಣ್ಣದ ಪೆನ್ಸಿಲ್ ಸಾಕು. ಇಥಿಯೋಪಿಯದ ಹುಡುಗನಿಂದ ಆರಂಭಿಸಿ ಖಡ್ಕಿಯ ಕಾಲುವೆಯವರೆಗೆ ಬನ್ನಿ. ಬೀದರಿನ ಗುಡ್ಡವನ್ನೂ ಸಿದ್ದಿ ಅಜ್ಜಿಯ ಕವಂದಿಯನ್ನೂ ಬರೆಯಿರಿ. ಎರಡು ಎಚ್ಚರಿಕೆಗಳು ಮಾತ್ರ ಇರಲಿ. ಗುಲಾಮಗಿರಿಯನ್ನು ಮುಚ್ಚಿಡಬೇಡಿ, ಅದರಲ್ಲೇ ಕಥೆಯನ್ನು ಮುಗಿಸಲೂ ಬೇಡಿ. ಬರೆದದ್ದನ್ನು ನಿಮ್ಮ ತಮ್ಮ ತಂಗಿಯರಿಗೆ ಓದಿ ತೋರಿಸಿ. ಮುಂದೆ ಅವರು ಬೀದರಿಗೆ ಪ್ರವಾಸ ಹೋದಾಗ, ಹಬ್ಶಿ ಅಂದರೆ ಯಾರು ಎಂದು ಜೊತೆಯವರು ಕೇಳಿದರೆ ಉತ್ತರ ಅವರಲ್ಲಿರುತ್ತದೆ.