ಅಂಗಳದ ಕೌದಿ, ಹೊಸ್ತಿಲ ನಾಯಿ

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಒಂದು ಕಲ್ಲಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದದ್ದು, ಕಾಲ ಕ್ರಿ.ಶ. 949–50. ನಾಯಿಯೊಂದು ಕಾಡುಹಂದಿಯ ಮೇಲೆ ಎರಗಿರುವ ಚಿತ್ರ ಅದರ ಮೇಲಿದೆ. ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಡೆ ನಿಂತು ಗೆದ್ದ ಗಂಗರ ಇಮ್ಮಡಿ ಬೂತುಗ, ತನ್ನ ವೀರ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕೆಂದು ಕೇಳಿದನಂತೆ. ಮಣಲೆರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ನಾಯಿಯ ಹೆಸರಿಗೆ ಕಲ್ಲು ನಿಂತಿತು, ಪೂಜೆಗೆಂದು ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಗೊರವ, ಅಂದರೆ ಗುಡಿಯ ಶೈವ ಪೂಜಾರಿ, ಉಣ್ಣಕೂಡದು ಎಂಬ ಕಟ್ಟಳೆಯೂ ಬಂತು.

ಹೀಗೆ ಕನ್ನಡನಾಡಿನಲ್ಲಿ ನಾಯಿಗೆ ಸಾವಿರ ವರ್ಷ ದಾಟಿದ ಲಿಖಿತ ದಾಖಲೆಯಿದೆ. ಅದೇ ನಾಯಿ ಚಳಿಗಾಲದ ರಾತ್ರಿ ಮುದುಡಿ ಮಲಗುವ ಕೌದಿಗೆ ಅಂಥದ್ದೊಂದು ಸಾಲೂ ಇಲ್ಲ.

ಕಾರಣ ಸರಳ. ಕೌದಿ ಹಳೆಯ ಅರಿವೆಯಿಂದ ಹುಟ್ಟುತ್ತದೆ, ಬಳಸಿ ಬಳಸಿ ಸವೆಯುತ್ತದೆ, ಕೊನೆಗೆ ಮಣ್ಣುಪಾಲಾಗುತ್ತದೆ. ಅದನ್ನು ಹೊಲಿದವರು ಹೆಣ್ಣುಮಕ್ಕಳು, ಹೊಲಿದದ್ದು ಮನೆಯವರಿಗಾಗಿ. ರಾಜನ ಮೆಚ್ಚುಗೆಯಾಗಲಿ ದೇವಸ್ಥಾನದ ದತ್ತಿಯಾಗಲಿ ಅದಕ್ಕೆ ಸಲ್ಲಲಿಲ್ಲ. ಹತ್ತಿಬಟ್ಟೆ ನಮ್ಮ ಮಳೆ, ಗೆದ್ದಲು, ಒಗೆಯುವ ಕಲ್ಲು ಇವನ್ನೆಲ್ಲ ತಡೆದುಕೊಂಡು ಶತಮಾನಗಟ್ಟಲೆ ಬಾಳುವುದೂ ಇಲ್ಲ. ಹಾಗಾಗಿ ಕೌದಿಯ ಚರಿತ್ರೆ ಬರೆಯಹೊರಟವರು ಬೇರೆಯವರ ಚರಿತ್ರೆಯ ಸಂದಿಗೊಂದಿಗಳಲ್ಲಿ ಅದನ್ನು ಹುಡುಕಬೇಕಾಗುತ್ತದೆ.

ಅಂಥದ್ದೊಂದು ಸಂದಿ ಬ್ರಿಟಿಷರ ಕಾಲದ ಗೆಜೆಟಿಯರು. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್ ಮಾಲೆಯಲ್ಲಿ ಕೆನರಾ ಸಂಪುಟ 1883ರಲ್ಲೂ, ಧಾರವಾಡ, ಬೆಳಗಾವಿ, ಬಿಜಾಪುರದ ಸಂಪುಟಗಳು 1884ರಲ್ಲೂ ಹೊರಬಂದವು. ಒಂದೊಂದು ಜಾತಿಯ ವಿವರ ಬರೆಯುವಾಗಲೂ ಅದರ ಲೇಖಕರಿಗೆ ಒಂದು ಪದ್ಧತಿಯಿತ್ತು: ಮನೆಯ ಗೋಡೆ ಯಾವುದರದ್ದು, ಒಳಗೆ ಏನೇನು ಸಾಮಾನಿದೆ, ಯಾವ ಪ್ರಾಣಿ ಸಾಕಿದ್ದಾರೆ. ಮಣ್ಣಿನ ಗಡಿಗೆ, ತಾಮ್ರದ ಕೊಡ, ಕಂಬಳಿಗಳ ಜೊತೆ ಹೊಲಿದ ಹೊದಿಕೆಗೂ, ಎತ್ತು, ಎಮ್ಮೆ, ಕೋಳಿಗಳ ಜೊತೆ ನಾಯಿಗೂ ಆ ಪಟ್ಟಿಗಳಲ್ಲಿ ಜಾಗ ಸಿಕ್ಕಿತು. ಯಾರು ಹೊಲಿದರು, ಹೇಗೆ ಹೊಲಿದರು ಎಂದು ಸಾಹೇಬರು ಕೇಳಲಿಲ್ಲ. ಆದರೂ ಬಡವರ ಮನೆಯ ಆಸ್ತಿಯ ಲೆಕ್ಕದಲ್ಲಿ ಹೊದಿಕೆ ಮತ್ತು ನಾಯಿ ಒಂದೇ ಪುಟದಲ್ಲಿ ಬಂದದ್ದು ಆಕಸ್ಮಿಕವಲ್ಲ. ಎರಡೂ ರಾತ್ರಿಯ ಕಾವಲಿಗೆ ಬೇಕಾದವು: ಒಂದು ಚಳಿಗೆ, ಇನ್ನೊಂದು ಕಳ್ಳನಿಗೆ.

ಉತ್ತರ ಕರ್ನಾಟಕದಲ್ಲಿ ಕೌದಿ ಹೊಲಿಯುವ ಕಾಲ ಬೇಸಿಗೆ. ಸುಗ್ಗಿ ಮುಗಿದು, ಹೊಲದ ಕೆಲಸ ತೆಳುವಾಗಿ, ಮುಂಗಾರಿಗೆ ಇನ್ನೂ ಸಮಯವಿರುವಾಗ ಹೆಣ್ಣುಮಕ್ಕಳು ಟ್ರಂಕಿನಿಂದ ಹಳೆಯ ಅರಿವೆಯ ಗಂಟು ತೆಗೆಯುತ್ತಾರೆ. ಇಳಕಲ್ ಸೀರೆಯ ಹತ್ತಿಯ ಒಡಲು, ಗುಳೇದಗುಡ್ಡದ ಖಣದ ಕುಪ್ಪಸದ ಚೂರು, ಅಜ್ಜನ ದೋತರ, ಮಕ್ಕಳ ಶಾಲೆಯ ಅಂಗಿ ಎಲ್ಲ ಅದರಲ್ಲಿ ಸೇರಿರುತ್ತವೆ. ಮೊದಲು ಎಲ್ಲವನ್ನೂ ಒಗೆದು ಒಣಗಿಸಬೇಕು. ಸಾರಿಸಿದ ಅಂಗಳದಲ್ಲೋ ಬೇವಿನ ಮರದ ನೆರಳಲ್ಲೋ ಅಗಲವಾದ ಒಂದು ಸೀರೆ ಹಾಸಿ, ಅದರ ಮೇಲೆ ಸವೆದ ಬಟ್ಟೆಗಳನ್ನು ಪದರ ಪದರವಾಗಿ ಹರವುತ್ತಾರೆ. ಎಲ್ಲಕ್ಕಿಂತ ಮೇಲೆ ಬಣ್ಣದ ತೇಪೆಗಳು. ಮೂಲೆಗೊಬ್ಬರಂತೆ ಕೂತು ಉದ್ದ ಸೂಜಿಯಿಂದ ಸಾಲು ಸಾಲಾಗಿ ಟಾಕಿ ಹಾಕುತ್ತಾ ಹೋದರೆ ಪದರಗಳೆಲ್ಲ ಒಂದಾಗುತ್ತವೆ. ಟಾಕಿ ಒತ್ತೊತ್ತಾಗಿದ್ದಷ್ಟೂ ಕೌದಿ ಗಟ್ಟಿ. ಒಗೆದಾಗ ನೂಲು ತುಸು ಎಳೆದುಕೊಂಡು ಬಟ್ಟೆಯ ಮೇಲೆ ಸಣ್ಣ ಸುಕ್ಕು ಮೂಡುತ್ತದೆ; ಮೈಗೆ ತಾಗಿದಾಗ ಹಿತವೆನಿಸುವುದು ಆ ಸುಕ್ಕಿನಿಂದಲೇ.

ಅಂಗಳದಲ್ಲಿ ನಡೆಯುವ ಕೆಲಸಕ್ಕೆ ಬಾಗಿಲಿಲ್ಲ. ಹರವಿದ ಬಟ್ಟೆಯ ಮೇಲೆ ಕೂಸು ಅಂಬೆಗಾಲಿಡುತ್ತದೆ, ಕೋಳಿ ಕೆದಕುತ್ತದೆ, ಇದ್ದುದರಲ್ಲೇ ಮೆತ್ತಗಿರುವ ಮೂಲೆ ನೋಡಿ ನಾಯಿ ಬಂದು ಸುರುಳಿ ಸುತ್ತಿ ಮಲಗುತ್ತದೆ. “ಹಚಾ, ಏಳಲೇ! ಅರಿವಿ ಮ್ಯಾಲ ಬಂದು ಬಿದ್ದೈತಿ ನೋಡ್” ಎಂಬ ಬೈಗುಳ ಕೌದಿ ಹೊಲಿಯುವ ಯಾವ ಅಂಗಳಕ್ಕೂ ಹೊಸದಲ್ಲ. ಎದ್ದ ನಾಯಿ ನಾಲ್ಕು ಮಾರು ದೂರ ಹೋಗಿ, ಸೂಜಿ ಹಿಡಿದವರು ಮಾತಿಗೆ ತೊಡಗಿದೊಡನೆ ಮರಳಿ ಬರುತ್ತದೆ. ಹೊಲಿದು ಮುಗಿದ ಕೌದಿಯನ್ನು ಝಾಡಿಸಿದರೆ ಉದುರುವುದರಲ್ಲಿ ನೂಲಿನ ತುಣುಕಿನಷ್ಟೇ ನಾಯಿಕೂದಲೂ ಇರುತ್ತದೆ.

ಮನೆಯವರಿಗೆ ಪುರುಸೊತ್ತಿಲ್ಲದಿದ್ದರೆ ಹೊಲಿದುಕೊಡುವವರೂ ಇದ್ದರು. ತುಳಜಾಪುರದ ಅಂಬಾಭವಾನಿಯ ಭಕ್ತರಾದ ಗೊಂಧಳಿಗರ ಗಂಡಸರು ಮದುವೆ ಮನೆಗಳಲ್ಲಿ ಗೊಂಧಳ ಹಾಕಿದರೆ, ಅವರ ಹೆಂಗಸರು ಊರೂರು ತಿರುಗಿ ಕೌದಿ ಹೊಲಿಯುತ್ತಿದ್ದರು. ಹಳೆಯ ಬಟ್ಟೆ ಪಡೆದು ಪಾತ್ರೆ ಕೊಡುವ ವ್ಯಾಪಾರವೂ ಅವರದೇ. ಕೂಲಿಯೆಂದು ಜೋಳ, ಒಂದು ಹೊತ್ತಿನ ಊಟ, ಮೇಲಿಷ್ಟು ಕಾಸು ಸಿಗುತ್ತಿತ್ತು. ಹೊಸ ಊರಿಗೆ ಕಾಲಿಟ್ಟಾಗ ಅವರನ್ನು ಮೊದಲು ಎದುರುಗೊಳ್ಳುತ್ತಿದ್ದುದು ಓಣಿಯ ನಾಯಿಗಳು. ಎರಡು ದಿನ ಒಂದೇ ಕಟ್ಟೆಯ ಮೇಲೆ ಕೂತು ಹೊಲಿದು, ಉಂಡ ರೊಟ್ಟಿಯ ಚೂರು ಎಸೆದ ಮೇಲೆ ಅವೇ ನಾಯಿಗಳು ಪಕ್ಕದಲ್ಲಿ ಕಾವಲಿಗೆ ಕೂರುತ್ತಿದ್ದವು.

ಕುರಿಗಾಹಿ ಕುರುಬರ ಮನೆಯಲ್ಲಿ ಹೊದಿಕೆ ಎರಡು ಬಗೆ. ದಖ್ಖನಿ ಕುರಿಯ ಕರಿ ಉಣ್ಣೆಯಿಂದ ನೆಯ್ದ ಕಂಬಳಿ ಹೊರಗಿನದು: ಮಳೆಗೆ ಕೊಪ್ಪೆ, ಬಿಸಿಲಿಗೆ ನೆರಳು, ಪೂಜೆಗೆ ಗದ್ದುಗೆ. ಕೌದಿ ಒಳಗಿನದು: ಬಾಣಂತಿಗೆ, ಕೂಸಿಗೆ, ಮುದುಕರಿಗೆ. ಹಟ್ಟಿ ಎತ್ತಿ ವಲಸೆ ಹೊರಟಾಗ ಕುದುರೆಯ ಬೆನ್ನ ಮೇಲೆ ಪಾತ್ರೆ, ಕೋಳಿಮರಿ, ಎಳೆಯ ಮಕ್ಕಳ ಜೊತೆ ಹಾಸಿಗೆಯ ಗಂಟೂ ಏರುತ್ತದೆ. ಮಂದೆಯ ಅಂಚಿನಲ್ಲಿ ತೋಳದ ಕಡೆ ಕಣ್ಣಿಟ್ಟು ನಾಯಿಗಳು ನಡೆಯುತ್ತವೆ. ಇದೇ ಜನರ ಆರಾಧ್ಯ ಮೈಲಾರಲಿಂಗನ ಭಕ್ತಿಯಲ್ಲಿ ನಾಯಿಗೆ ದೊಡ್ಡ ಸ್ಥಾನ. ಮಣಿ, ಮಲ್ಲಾಸುರರನ್ನು ಕೊಲ್ಲಲು ಶಿವ ಮೈಲಾರನಾಗಿ ಬಂದಾಗ ಅವನ ಗಣಗಳು ನಾಯಿಯ ರೂಪದಲ್ಲಿ ಬೆನ್ನಿಗೆ ಬಂದವು ಎಂಬುದು ಐತಿಹ್ಯ. ಹೂವಿನಹಡಗಲಿ ತಾಲ್ಲೂಕಿನ ಮೈಲಾರ, ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಕಡೆ ಗೊರವಯ್ಯಗಳು ಇಂದಿಗೂ ಕಂಬಳಿ ತೊಟ್ಟು, ನಾಯಿಯಂತೆ ಬೊಗಳಿ, ದೋಣಿ ಎಂಬ ಪಾತ್ರೆಗೆ ಭಕ್ತರು ಸುರಿದ ಹಾಲು, ತುಪ್ಪ, ಬಾಳೆಹಣ್ಣನ್ನು ನೇರ ಬಾಯಿ ಹಾಕಿ ತಿನ್ನುತ್ತಾರೆ. ಕಂಬಳಿಗೂ ನಾಯಿಗೂ ದೇವರ ಸನ್ನಿಧಿಯಲ್ಲಿ ಜಾಗ ಸಿಕ್ಕಿತು. ಹೆಂಗಸರ ಕೈಯ ಕೌದಿ ಮನೆಯೊಳಗೇ ಉಳಿಯಿತು.

ಕೌದಿಯ ಕತೆ ಬೇರೊಂದು ತಿರುವು ಪಡೆದದ್ದು ಉತ್ತರ ಕನ್ನಡದ ಕಾಡಿನಲ್ಲಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ, ಪಕ್ಕದ ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಅಂಚಿನಲ್ಲಿ ಸಿದ್ದಿಗಳು ನೆಲೆಸಿದ್ದಾರೆ. 16ನೇ ಶತಮಾನದಿಂದ ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ತಂದ ಗುಲಾಮರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು; ಅವರ ಪೀಳಿಗೆ ಇದು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಮೂವರ ಮನೆಯಲ್ಲೂ ಕವಂದಿ ಇದೆ; ಕೌದಿಗೆ ಅವರು ಕರೆಯುವ ಹೆಸರು ಅದು.

ಸಿದ್ದಿ ಹೆಂಗಸರು ಕವಂದಿ ಹೊಲಿಯುವ ರೀತಿ ನೋಡಿದರೆ ಕಣ್ಣಿಗೆ ಹಬ್ಬ. ಸೀರೆಯೊಂದನ್ನು ತಳಕ್ಕೆ ಹಾಸಿ ಒಂದು ಮೂಲೆಯಿಂದ ಶುರುಮಾಡುತ್ತಾರೆ. ಅಂಚಿನ ಉದ್ದಕ್ಕೂ ತೇಪೆಗಳನ್ನು ಕೂರಿಸುತ್ತಾ, ಅದೇ ಟಾಕಿಯಲ್ಲಿ ಪದರಗಳನ್ನೂ ಹಿಡಿಯುತ್ತಾ ಸುತ್ತು ಬರುತ್ತಾರೆ. ಒಂದು ಸುತ್ತಿನೊಳಗೆ ಇನ್ನೊಂದು ಸುತ್ತು. ಹೀಗೆ ಹೊರಗಿನಿಂದ ಒಳಕ್ಕೆ ಬರುತ್ತಾ ನಡುಮಧ್ಯದಲ್ಲಿ ಹೊಲಿಗೆ ಮುಗಿಯುತ್ತದೆ. ಮೊದಲೇ ಗೀಚಿಕೊಂಡ ನಕ್ಷೆಯಿಲ್ಲ, ಅಳತೆಯ ಟೇಪಿಲ್ಲ. ಕೆಂಪಿನ ಪಕ್ಕ ಹಸಿರೋ ಹಳದಿಯೋ ಎಂದು ಗಂಟಿನಲ್ಲಿ ಕೈಯಾಡಿಸಿ ಆರಿಸುವುದೇ ವಿನ್ಯಾಸ. ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿದ ‘ಫೂಲ’ ಇರಲೇಬೇಕು. ಅದಿಲ್ಲದ ಕವಂದಿ ಬೆತ್ತಲೆ ಎಂಬುದು ಅವರ ಮಾತು. ಕ್ರೈಸ್ತ ಸಿದ್ದಿಗಳ ಕವಂದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಗಳದರಲ್ಲಿ ಬಾಲಚಂದ್ರ ಕಾಣಿಸುವುದೂ ಉಂಟು. ಮಳೆಗಾಲದ ತಿಂಗಳುಗಟ್ಟಲೆ ಥಂಡಿಯಲ್ಲಿ ತೊಟ್ಟಿಲಿನ ಕೂಸಿನಿಂದ ಹಿಡಿದು ಅಜ್ಜಿಯವರೆಗೆ ಎಲ್ಲರಿಗೂ ಅದೇ ಬೆಚ್ಚನೆಯ ಆಸರೆ.

ಈ ಕವಂದಿಯನ್ನು ಹೊರಜಗತ್ತಿಗೆ ತೋರಿಸಿದವರಲ್ಲಿ ಪ್ರಮುಖರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್. 2000ದ ದಶಕದಲ್ಲಿ ಸಿದ್ದಿ ಮಹಿಳೆಯರ ಕವಂದಿ ಸಹಕಾರ ಸಂಘ ಕಟ್ಟುವುದರಲ್ಲಿ ಅವರ ಪಾತ್ರವಿತ್ತು. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಯಲ್ಲಾಪುರ ಸೀಮೆಯ ಕವಂದಿಗಳು ಗೋಡೆಯೇರಿದವು. ಊರಲ್ಲಿ ಬಿಸಿಲಿಗೆ ಬೇಲಿಯ ಮೇಲೆ ಒಣಗುತ್ತಿದ್ದ ವಸ್ತುವನ್ನು ಅಲ್ಲಿ ಚಿತ್ರಕಲೆಯಂತೆ ದೂರ ನಿಂತು ನೋಡಿದರು. ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಸರ್ಕಾರವೂ ಕಲಾಲೋಕವೂ ಹೆಚ್ಚುಕಡಿಮೆ ಒಂದೇ ದಶಕದಲ್ಲಿ ಅವರನ್ನು ಗುರುತಿಸಿದಂತಾಯಿತು.

ಬಯಲುಸೀಮೆಯ ನಾಯಿಗೆ ಈ ಅದೃಷ್ಟ ಬಹಳ ಮೊದಲೇ ಒಲಿದಿತ್ತು. ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ ಘೋರ್ಪಡೆ ಮನೆತನದ ಮಾಲೋಜಿರಾವ್ 20ನೇ ಶತಮಾನದ ಆರಂಭದಲ್ಲಿ ಆ ಸೀಮೆಯ ಬೇಟೆನಾಯಿಗಳನ್ನು ಆರಿಸಿ ತಳಿ ಬೆಳೆಸಿದರು, ಬ್ರಿಟನ್ನಿನ ಐದನೇ ಜಾರ್ಜ್‌ಗೆ ಒಂದು ಜೋಡಿ ಕಾಣಿಕೆ ಕೊಟ್ಟರು. ಮುಧೋಳ ನಾಯಿ ಎಂಬ ಹೆಸರು ನಿಂತಿತು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಚೀಟಿ ಹೊರಡಿಸಿತು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಶ್ವಾನ ಸಂಶೋಧನಾ ಕೇಂದ್ರ ನಡೆಸುತ್ತಿದೆ. 2016ರಲ್ಲಿ ಮರಿಗಳು ಸೇನೆಯ ತರಬೇತಿಗೆಂದು ಮೀರತ್‌ಗೆ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ‘ಮನ್ ಕೀ ಬಾತ್’ನಲ್ಲಿ ಅದರ ಹೆಸರೆತ್ತಿದರು.

ಆದರೆ ಈ ತಳಿಯನ್ನು ನಿಜವಾಗಿ ಉಳಿಸಿದ್ದು ಸುತ್ತಲ ಹಳ್ಳಿಗಳ ಸಣ್ಣ ಮನೆಗಳು. ಜೋಳದ ನುಚ್ಚು, ಹಾಲು, ಮನೆಯವರು ಉಂಡು ಮಿಕ್ಕಿದ ರೊಟ್ಟಿ ಅದರ ಆಹಾರ. ಉದ್ದ ಕಾಲು, ಒಳಸರಿದ ಹೊಟ್ಟೆ, ಗಿಡ್ಡ ಕೂದಲಿನ ಈ ನಾಯಿಯ ಮೈಯಲ್ಲಿ ಕೊಬ್ಬು ಕಡಿಮೆ. ಓಟಕ್ಕೆ ಅನುಕೂಲ, ಚಳಿಗೆ ಅಲ್ಲ. ಮರಿ ಹಾಕುವ ಹೊತ್ತಿಗೆ ಮೂಲೆಯಲ್ಲಿ ಹಾಸುವುದು ಹರಿದ ಕೌದಿಯನ್ನು. ಅಲ್ಲಿಗೆ ತಲುಪುವ ಹೊತ್ತಿಗೆ ಆ ಕೌದಿ ತನ್ನ ಆಯುಷ್ಯದ ಬಹುಪಾಲನ್ನು ಕಳೆದಿರುತ್ತದೆ. ಮೊದಲು ತವರಿನಿಂದ ಬಾಣಂತಿಯ ಜೊತೆ ಕುಂಚಿಗೆ, ತೊಟ್ಟಿಲುಗಳ ಸಂಗಡ ಬಂದದ್ದು. ಆಮೇಲೆ ನೆಂಟರ ಮುಂದೆ ಹಾಸಿದ್ದು. ಬಣ್ಣ ಮಾಸಿದ ಮೇಲೆ ಹೊದೆಯುವ ಬದಲು ಕೆಳಗೆ ಹಾಸಿದ್ದು. ಮುಂದೆ ಚಕ್ಕಡಿಯಲ್ಲಿ ಹೊಲಕ್ಕೆ ಹೋದದ್ದು. ಕೆಲವೊಮ್ಮೆ ಸವೆದ ಕೌದಿಯೇ ಹೊಸ ಕೌದಿಯ ಒಡಲೊಳಗೆ ಪದರವಾಗಿ ಸೇರುವುದೂ ಉಂಟು. ನಾಯಿಗೆ ಸಿಗುವುದು ಇಷ್ಟೆಲ್ಲ ಆಗಿ ಉಳಿದದ್ದು.

ಈ ಸರಪಳಿ ಕಡಿಯತೊಡಗಿದ್ದು ಬಟ್ಟೆ ಬದಲಾದಾಗ. ಪಾಲಿಯೆಸ್ಟರ್ ಸೀರೆ ಹರಿಯುವುದಿಲ್ಲ, ಬೆವರು ಹೀರುವುದಿಲ್ಲ, ಪದರಗಳು ಜಾರುತ್ತವೆ. ಹತ್ತಿಯ ಹಾಗೆ ಸವೆದು ಮೆತ್ತಗಾಗುವ ಗುಣವೇ ಅದಕ್ಕಿಲ್ಲ. ಇತ್ತ ಸೋಲಾಪುರದ ಚಾದರ, ಆಮೇಲೆ ಸಂತೆಯ ಅಗ್ಗದ ಮಿಲ್ ರಗ್ಗು ಮನೆಮನೆಗೆ ಬಂದವು. ದಿನಗಟ್ಟಲೆ ಕೂತು ಹೊಲಿಯುವವರಿಗೆ ಸಲ್ಲಬೇಕಾದ ಕೂಲಿಯ ಮುಂದೆ ಆ ರಗ್ಗಿನ ಬೆಲೆ ಏನೂ ಅಲ್ಲ. ಕೌದಿಯಿದ್ದರೆ ಬಡತನ ಎಂಬ ನಾಚಿಕೆಯೂ ಸೇರಿಕೊಂಡಿತು. ಈಗ ಬೆಂಗಳೂರಿನ ಅಂಗಡಿಗಳಲ್ಲಿ ಹೊಸ ಬಟ್ಟೆಯಿಂದ ಹೊಲಿದ ಕೌದಿಗಳು ಸಾವಿರಾರು ರೂಪಾಯಿಗೆ ಮಾರಾಟವಾಗುತ್ತಿವೆ. ಕೂಲಿ ಸಿಗುತ್ತದೆ ಎಂಬಷ್ಟಕ್ಕೆ ಅದು ಒಳ್ಳೆಯದೇ. ಆದರೆ ಮನೆಮಂದಿಯ ಉಡುಗೆಗಳು ಒಂದೆಡೆ ಸೇರುವ ಹಳೆಯ ಕ್ರಮ ಅದರಲ್ಲಿಲ್ಲ.

ಕೈಹೊಲಿಗೆಯ ಹೊದಿಕೆಯೊಂದು ಪುಸ್ತಕಕ್ಕೆ ಹೆಸರು ಕೊಟ್ಟದ್ದೂ ಇದೆ. ದೇವದಾಸಿ ಪದ್ಧತಿಯಿಂದ ಹೊರಬಂದ 3000 ಮಹಿಳೆಯರು ಕೃತಜ್ಞತೆಗೆಂದು 3000 ಹೊಲಿಗೆಗಳ ಹೊದಿಕೆಯೊಂದನ್ನು ಸುಧಾ ಮೂರ್ತಿ ಅವರಿಗೆ ಕೊಟ್ಟರು. ಅವರ 2017ರ ಇಂಗ್ಲಿಷ್ ಪುಸ್ತಕಕ್ಕೆ ಶೀರ್ಷಿಕೆ ಬಂದದ್ದು ಅದರಿಂದಲೇ. ಬರೆಯಬಲ್ಲವರ ಕೈಗೆ ತಲುಪಿದ್ದರಿಂದ ಆ ಒಂದು ಹೊದಿಕೆಗೆ ದಾಖಲೆ ಸಿಕ್ಕಿತು.

ಉಳಿದವುಗಳ ದಾಖಲೆ ಅವುಗಳ ಮೇಲೇ ಇದೆ, ಓದುವವರು ಬೇಕು. ಮನೆಯ ಅಟ್ಟದಲ್ಲಿ ಹಳೆಯ ಕೌದಿಯಿದ್ದರೆ ಬಿಸಿಲಿಗೆ ಹರವಿ, ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ: ಈ ತೇಪೆ ಯಾರ ಸೀರೆಯದು, ಆ ಟಾಕಿ ಯಾರ ಕೈಯದು, ಯಾವ ವರ್ಷದ ಬೇಸಿಗೆಯಲ್ಲಿ ಹೊಲಿದದ್ದು. ಹೇಳಿದ್ದನ್ನು ಬರೆದಿಟ್ಟುಕೊಂಡು ಫೋಟೊ ತೆಗೆಯಿರಿ. ಅದಾದ ಮೇಲೆ ಕೌದಿಯನ್ನು ನಾಯಿಗೆ ಹಾಸಿದರೂ ಅಡ್ಡಿಯಿಲ್ಲ.